ಹನ್ನೆರಡು ಗಂಟೆಯ ಇನ್ಸುಲಿನ್

ಹೊಳೆನರಸೀಪುರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಲತಾ ಹತ್ತೊಂಬತ್ತು ವರ್ಷಗಳಿಂದ ನರ್ಸು. ಕೊರವಂಗಲದ ರೈತರ ಮನೆಯ ಹೆಣ್ಣು. ಯಾವ ಕೆಲಸವನ್ನೂ ಇನ್ನೊಬ್ಬರ ಕೈಗೆ ಬಿಡುವವಳಲ್ಲ. ಆಯಾ ಕಲ್ಲಮ್ಮ ಹಾಸಿಗೆ ಹಾಸಿದ ಮೇಲೂ ಹೋಗಿ ಹೊದಿಕೆಯ ಮೂಲೆ ಎಳೆದು ಸರಿಮಾಡುತ್ತಿದ್ದಳು.

ಆ ಮಂಗಳವಾರ ಮಾತ್ರ ಬೇರೆ ದಾರಿ ಇರಲಿಲ್ಲ. ಹೆರಿಗೆಗೆ ಬಂದಿದ್ದ ಹೆಂಗಸಿಗೆ ಬಿ.ಪಿ. ಏರಿ, ಕೂಡಲೇ ಹಾಸನಕ್ಕೆ ಸಾಗಿಸಬೇಕಾಯಿತು. ಆಂಬುಲೆನ್ಸ್ ಹತ್ತುವ ಅವಸರದಲ್ಲಿ ಲತಾ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ನರ್ಸ್ ಸಿಂಧುಗೆ, "ಹನ್ನೆರಡಕ್ಕೆ ವಾರ್ಡಿನ ಇನ್ಸುಲಿನ್ ನೀನೇ ಕೊಟ್ಬಿಡು" ಎಂದಳು. ಹುಡುಗಿ ತಲೆಯಾಡಿಸಿದಳು.

ಮೊಸಳೆಹೊಸಳ್ಳಿ ದಾಟುವಾಗ ಲತಾಳಿಗೆ ತಟ್ಟನೆ ನೆನಪಾಯಿತು. ಕಾಲಿನ ಹುಣ್ಣಿಗೆಂದು ವಾರ್ಡಿಗೆ ಸೇರಿದ್ದ, ಸಕ್ಕರೆ ಕಾಯಿಲೆಯ ತಮ್ಮಯ್ಯನಿಗೆ ಮಧ್ಯಾಹ್ನ ಸ್ಕ್ಯಾನ್ ಇತ್ತು. ಬೆಳಗಿನಿಂದ ಏನೂ ತಿನ್ನಿಸಬೇಡಿ, ಇನ್ಸುಲಿನ್ ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದು ಅವಳೊಬ್ಬಳಿಗೇ. ಅದನ್ನು ಬರೆದಿಡುವಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂದಿತ್ತು. ಹಸಿದ ಹೊಟ್ಟೆಯಲ್ಲಿ ಇನ್ಸುಲಿನ್ ಚುಚ್ಚಿದರೆ ರಕ್ತದ ಸಕ್ಕರೆ ಕುಸಿದು ಜೀವಕ್ಕೇ ಕುತ್ತು.

ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ವಾರ್ಡಿನ ಫೋನ್ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಸಿಂಧುವಿನ ಮೊಬೈಲ್ ಆಫ್. ಡಾಕ್ಟರೂ ಎತ್ತಲಿಲ್ಲ. ಎದುರಿಗೆ ಮಲಗಿದ್ದ ಬಸುರಿ ಲತಾಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಒಂದು ಕೈಯಲ್ಲಿ ಅವಳ ನಾಡಿ, ಇನ್ನೊಂದರಲ್ಲಿ ಫೋನು. ಹಿಂದಕ್ಕೆ ಹೋಗುವಂತಿಲ್ಲ.

ಹಾಸನ ಮುಟ್ಟಿ, ಬಸುರಿಯನ್ನು ಅಲ್ಲಿನ ನರ್ಸಿಗೆ ಒಪ್ಪಿಸುವಾಗ ಕೊಟ್ಟ ಮದ್ದು, ಕೊಟ್ಟ ಹೊತ್ತು, ಒಂದೊಂದನ್ನೂ ಬಿಡಿಸಿ ಹೇಳಿದಳು. ಆಚೆ ಬಂದಾಗ ಸಿಂಧುವೇ ಫೋನ್ ಮಾಡಿದಳು. ಅಳುತ್ತಿದ್ದಳು. ಇನ್ಸುಲಿನ್ ಕೊಟ್ಟಾಗಿತ್ತು. ನೆಲ ಒರೆಸಲು ಬಂದ ಕಲ್ಲಮ್ಮ ನೋಡಿ, "ತಮ್ಮಯ್ಯಣ್ಣ ಬೆವತೋಗವ್ರೆ ಕಣವ್ವಾ, ಮಾತು ತೊದಲ್ತಾ ಐತೆ" ಎಂದು ಕೂಗಿದ್ದಳಂತೆ. ಸಿಂಧು ಸಕ್ಕರೆ ಪರೀಕ್ಷಿಸಿದರೆ ನಲವತ್ತೆಂಟಕ್ಕೆ ಇಳಿದಿತ್ತು. ಡಾಕ್ಟರು ಓಡಿ ಬಂದು ಗ್ಲೂಕೋಸ್ ಏರಿಸಿದ್ದರು. ಈಗ ತಮ್ಮಯ್ಯ ಚೇತರಿಸಿಕೊಂಡಿದ್ದಾನೆ.

ಮರಳಿ ಬಂದಾಗ ಡಾಕ್ಟರು ಸಿಂಧುವನ್ನು ನಿಲ್ಲಿಸಿಕೊಂಡು ವಿಚಾರಿಸುತ್ತಿದ್ದರು. ಲತಾ ಚೀಲವನ್ನೂ ಇಳಿಸದೆ ಒಳಗೆ ಹೋದಳು.

"ತಪ್ಪು ನಂದು ಸಾರ್. ಕೆಲಸ ಒಪ್ಪಿಸ್ದೆ, ವಿಷಯ ಒಪ್ಪಿಸಲಿಲ್ಲ."

ಡಾಕ್ಟರು ನಡೆದದ್ದನ್ನೆಲ್ಲ ಅವಳಿಂದ ಬರೆಸಿಕೊಂಡರು. ಆಮೇಲೆ ಅವಳೇ ತಮ್ಮಯ್ಯನ ಬಳಿ ಹೋಗಿ, ಏನಾಯಿತೆಂದು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದಳು.

"ನಾನು ಓಗೇಬುಟ್ಟೆ ಅಂದ್ಕಂಡೆ ಕಣವ್ವ," ಎಂದ ಆತ.

ಅಂದಿನಿಂದ ಲತಾ ಯಾರಿಗೆ ಏನು ವಹಿಸಿದರೂ, "ನಾನು ಏನ್ ಹೇಳ್ದೆ, ನೀನೊಂದ್ಸಲ ಹೇಳು" ಎಂದು ನಿಂತು ಕೇಳುತ್ತಾಳೆ. ಆದರೂ ಪ್ರತಿ ಮಧ್ಯಾಹ್ನ ಹನ್ನೆರಡಾದರೆ, ಎಲ್ಲಿದ್ದರೂ ಒಮ್ಮೆ ವಾರ್ಡಿಗೆ ಫೋನ್ ಮಾಡುತ್ತಾಳೆ.