ಸಾವಂತ್ರೆವ್ವನ ಹುಳದ ಗುರುತು

ತಂಬೂರಿನ ಗುಡ್ಡದ ಮೇಲೆ ಅರಣ್ಯ ಇಲಾಖೆಯವರು ಸಾಗವಾನಿ ಸಸಿ ಹಚ್ಚಿ, ಅದಕ್ಕಿಂತ ಎತ್ತರದ ಬೋರ್ಡನ್ನೂ ಹಚ್ಚಿದ್ದರು. ಬೋರ್ಡಿಗೆ ಬಣ್ಣ ಸಿಕ್ಕಿತ್ತು. ಹುಳ ಬಿದ್ದ ಗಿಡ ಗುರುತಿಸಲು ಒಂದು ಡಬ್ಬಿ ಸುಣ್ಣಕ್ಕೆ ಮಾತ್ರ ಮಂಜೂರಾತಿ ಇರಲಿಲ್ಲ. ಗುರುತಿಸುವ ಕೆಲಸ ದಿನಗೂಲಿಯ ಸಾವಂತ್ರೆವ್ವನದು. ಸಾವಿರದ ಒಂಬೈನೂರ ಎಂಬತ್ತಾರರ ಆ ಮಳೆಗಾಲದಲ್ಲಿ ಆಕೆ ಸಾಲುಸಾಲು ತಿರುಗಿ ಎಲೆ ಮಗುಚುತ್ತಿದ್ದಳು. ಎಲೆಯ ಅಂಚು ಮಡಚಿಕೊಂಡು ಮಲಗಿದ ಹುಳ ಕಂಡರೆ, ತನ್ನ ಹಳೆಯ ಕೆಂಪು ಕುಬಸದ ಚಿಂದಿಯೊಂದನ್ನು ಆ ಗಿಡಕ್ಕೆ ಕಟ್ಟುವಳು.

ಎಡವಟ್ಟಾದದ್ದು ಆ ಚಿಂದಿಯಿಂದಲೇ. ದೊಡ್ಡಮನೆಯ ಕಸ್ತೂರೆವ್ವ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಬಂದವಳು ಕೆಂಪು ಬಟ್ಟೆಯ ಗಿಡ ಕಂಡು, ಯಾವುದೋ ಅವ್ವನ ಜಾಗ ಇದ್ದೀತೆಂದು ತಾನೂ ಒಂದು ತುಂಡು ಕಟ್ಟಿ ಹರಕೆ ಹೊತ್ತಳು. ಎಮ್ಮೆ ಸಂಜೆಗೆ ತಾನಾಗಿಯೇ ಮನೆಗೆ ಬಂತು. ಇನ್ನು ಕೇಳಬೇಕೆ? ಗಂಡು ಬೇಕೆಂದವರು, ಕೂಸು ಬೇಕೆಂದವರು, ವರ್ಗ ಬೇಕೆಂದ ಮಾಸ್ತರರು, ಎಲ್ಲರೂ ಬಂದು ಕಂಡಕಂಡ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿದರು.

ಅಷ್ಟರಲ್ಲಿ ಗಾರ್ಡ್ ಕುಬೇರಪ್ಪ ಸೈಕಲ್ ಹೊಡೆದುಕೊಂಡು ಬಂದ. "ನಾಳಿ ಸಾಹೇಬ್ರು ಪಂಪಿನವರನ್ನ ಕರಕೊಂಡು ಬರ್ತಾರ. ಬಟ್ಟಿ ಇದ್ದಲ್ಲೆಲ್ಲ ಎಣ್ಣಿ ಹೊಡಿಯೂದು ಅಂತ ಆರ್ಡರ್ ಆಗೇತಿ."

ಸಾವಂತ್ರೆವ್ವ ಹಳ್ಳದ ಕಡೆ ತಿರುಗಿ ನೋಡಿದಳು. ಹರಕೆಯ ಬಟ್ಟೆಗಳು ಹುಳವೇ ಇಲ್ಲದ ಹಳ್ಳದ ದಂಡೆಯವರೆಗೂ ಇಳಿದಿದ್ದವು. ಅಲ್ಲಿ ಹುಳದ ಎಣ್ಣೆ ಬಿದ್ದರೆ ಊರ ದನ, ಕುರಿ ಕುಡಿಯುವ ನೀರೆಲ್ಲ ವಿಷ.

"ಅವು ಹರಕಿ ಬಟ್ಟಿ ಅಂತ ಹೇಳ್ರಿ."

"ಹರಕಿ ಯಾವುದು, ಹುಳದ್ದು ಯಾವುದು ಅಂತ ಸಾಹೇಬ್ರು ಜೀಪಿನ್ಯಾಗ ಕುಂತು ಹೆಂಗ ನೋಡಬೇಕ ಬೇ?"

ಗಿಡ ತನ್ನದು, ಜೀಪು ತನ್ನದು, ಕೆಳಗಿಳಿಯುವ ಕಾಲು ಮಾತ್ರ ತನ್ನದಲ್ಲ ಎನ್ನುವ ಇಲಾಖೆ ಅದು.

ಬಟ್ಟೆ ಬಿಚ್ಚಹೋದರೆ ಕಸ್ತೂರೆವ್ವ ಅಡ್ಡ ಬಂದಳು. "ಹರಕಿ ಬಿಚ್ಚಿದ್ರ ಕೈ ಬಿದ್ದು ಹೋಗತಾವ, ನೋಡು."

ಸಾವಂತ್ರೆವ್ವನಿಗೂ ಅದೇ ಭಯ; ಆಕೆಯೇನು ಬೇರೆ ಊರಿನವಳೆ? ಯಾರೂ ಕೈ ಮುಗಿಯದಂಥ ಗುರುತು ಯಾವುದೆಂದು ಯೋಚಿಸುತ್ತ ನಿಂತವಳ ಕಣ್ಣು ತನ್ನ ಕಾಲಿನ ಮೇಲೆ ಬಿತ್ತು.

ಮನೆಮನೆಗೆ ಹೋಗಿ ಹರಕು ಚಪ್ಪಲಿ ಬೇಡಿದಳು.

"ಇಷ್ಟು ಯಾರಿಗೆ ಬಡಿಯಾಕ ಬೇ?" ಎಂದ ಮುದಕಪ್ಪ.

"ಹುಳಕ್ಕ. ಬೇಕಾದ್ರ ನಿನಗೊಂದು ಉಳಸ್ತೀನಿ ಕಾಕಾ."

ತಾನು ಕಟ್ಟಿದ ಚಿಂದಿ ಹರಕೆಯಲ್ಲವಲ್ಲ. ಅವನ್ನಷ್ಟೇ ಬಿಚ್ಚಿ, ಆ ಗಿಡಗಳಿಗೆ ಚಪ್ಪಲಿ ತೂಗುಹಾಕಿದಳು. ಉಳಿದದ್ದು ಕಸ್ತೂರೆವ್ವನ ಎಮ್ಮೆಯ ಗಿಡ. ಅದಕ್ಕೂ ಹುಳ ಬಿದ್ದಿತ್ತು. ಕಸ್ತೂರೆವ್ವ ಅದನ್ನು ತಬ್ಬಿಕೊಂಡು ಕೂತಳು. "ಅವ್ವಗ ಚಪ್ಪಲಿ ಕಟ್ಟತೀಯೇನ?"

"ಹಂಗಾರ ಬರ್ರಿ ಅಕ್ಕಾರ, ಕೈಲೇ ಆರಿಸೂಣು."

ಹೊತ್ತು ಮುಳುಗುವವರೆಗೆ ಇಬ್ಬರೂ ಎಲೆಎಲೆ ಬಿಡಿಸಿ ಹುಳ ಆರಿಸಿ ಡಬ್ಬಿ ತುಂಬಿದರು. "ಅವ್ವನ ತಲಿ ಹೇನು ತಗದಂಗಾತು," ಎಂದು ಕಸ್ತೂರೆವ್ವ ನಕ್ಕಳು.

ಮರುದಿನ ಸಾಹೇಬರ ಜೀಪು ಬಂತು. ಗಾಳಿಗೆ ತೂಗುವ ಚಪ್ಪಲಿ ಕಂಡು ಅವರ ಮುಖ ಕೆಂಪಾಯಿತು. "ಇದು ನನಗೇನು?"

"ಹುಳಕ್ಕರಿ. ಚಪ್ಪಲಿ ಇದ್ದಲ್ಲಿ ಹುಳ, ಬಟ್ಟಿ ಇದ್ದಲ್ಲಿ ದೇವ್ರು. ಇಳದು ನೋಡ್ರಿ," ಎಂದಳು ಸಾವಂತ್ರೆವ್ವ.

ಇಳಿದರು. ಚಪ್ಪಲಿಯ ಗಿಡದ ಎಲೆ ಮಗುಚಿದರು, ಬಟ್ಟೆಯ ಗಿಡದ್ದೂ ಮಗುಚಿದರು. ಆಮೇಲೆ ಪಂಪಿನವರತ್ತ ತಿರುಗಿ, "ಚಪ್ಪಲಿ ಹಿಡಕೊಂಡು ಹೋಗ್ರಿ," ಎನ್ನುವಾಗ ಅವರಿಗೇ ನಗು ತಡೆಯಲಾಗಲಿಲ್ಲ.

ಹಳ್ಳದ ಕಡೆಗೆ ಒಂದು ಪಂಪೂ ಇಳಿಯಲಿಲ್ಲ. ಉಳಿದ ಎಣ್ಣೆಯ ಡಬ್ಬಿಗಳನ್ನು ಜೀಪಿಗೆ ಏರಿಸುವ ಹೊತ್ತಿಗೆ ಕರಿಸಿದ್ದಪ್ಪನ ಕುರಿಗಳು ಕೆಳಗೆ ನೀರಿಗೆ ಬಾಯಿ ಹಚ್ಚಿದ್ದವು.