ಬಾಗಿಲು ಹಾಕಿಕೊಳ್ಳುತ್ತಿದ್ದ ಮಾಸ್ತರು

ಸಿಂದಗಿಯ ನಮ್ಮ ಶಾಲೆಯ ಆಟದ ಮಾಸ್ತರು ಖೋಖೋ ಹುಡುಗಿಯರ ಜೊತೆ ತಾವೂ ಓಡುತ್ತಿದ್ದರು. ಓಟ ಮುಗಿದದ್ದೇ ತಡ, ಸೀಟಿಯನ್ನು ನಮ್ಮಲ್ಲೊಬ್ಬಳ ಕೈಗೆ ಕೊಟ್ಟು, ಆಟದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರಾದರೂ ಕೆಮ್ಮಿದರೆ ಅವರದು ಒಂದೇ ಮಾತು: "ನೆವ ಬ್ಯಾಡ, ಓಡು."

ಚಳಿಗಾಲದ ಮುಂಜಾನೆ ಓಡಿದ ಮೇಲೆ ನನ್ನ ಎದೆ ಬಿಗಿದು ಸುಂಯ್ ಎನ್ನುತ್ತಿತ್ತು. ಡಾಕ್ಟರು ಪರೀಕ್ಷಿಸಿ, "ನಿನಗ ದಮ್ಮಿನ ಬ್ಯಾನಿ ಇಲ್ಲವ್ವಾ. ಓಡಿದಾಗಷ್ಟ ಉಸಿರಿನ ಕೊಳವಿ ಬಿಗೀತೈತಿ. ಓಡೂಕಿಂತ ಮೊದಲ ಈ ಪಂಪು ಬಾಯಾಗಿಟ್ಟು ಔಷಧ ಎಳಕೋ," ಎಂದರು.

ಅದನ್ನು ಮೈದಾನಕ್ಕೆ ತಂದು ಡಾಕ್ಟರ ಮಾತು ಹೇಳಿದ ದಿನ ಮಾಸ್ತರು ನನ್ನ ಕೈಯಿಂದ ಕಸಿದು ಎಲ್ಲರಿಗೂ ಎತ್ತಿ ತೋರಿಸಿದರು. "ದಮ್ಮಿಲ್ಲಂತ ಡಾಕ್ಟರೇ ಹೇಳ್ಯಾರ, ಮತ್ತ ಇದ್ಯಾಕ? ಪಂಪು ಹಿಡದ ಹುಡುಗಿನ್ನ ನಾಳೆ ಯಾರು ಲಗ್ನ ಮಾಡ್ಕೋತಾರ?" ಹುಡುಗಿಯರು ನಕ್ಕರು. ಮಾಸ್ತರು ಪಂಪನ್ನು ತಮ್ಮಲ್ಲೇ ಇಟ್ಟುಕೊಂಡು, ನನ್ನನ್ನು ತಂಡದಿಂದ ತೆಗೆದರು.

ಕೆಲವು ದಿನ ಬಿಟ್ಟು, ನನ್ನ ಪಂಪು ಕೇಳಲೆಂದು ಆ ಕೋಣೆಯ ಬಾಗಿಲು ತಳ್ಳಿದೆ. ಮಾಸ್ತರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಬಾಯಲ್ಲಿ ಪಂಪು. ನನ್ನದಲ್ಲ, ಸವೆದು ಬಣ್ಣಗೆಟ್ಟ ಹಳೆಯದು.

"ಯಾರಿಗೂ ಹೇಳಬ್ಯಾಡವಾ," ಎನ್ನುತ್ತ ನನ್ನದನ್ನು ತೆಗೆದು ಕೈಗಿಟ್ಟರು.

ಮರುದಿನ ಮೈದಾನದಲ್ಲಿ ಇನ್ನೊಬ್ಬಳು ಕೆಮ್ಮಿದಳು. "ನೆವ ಬ್ಯಾಡ, ಓಡು," ಎಂದು ಅವರು ಕೂಗಿದ್ದು ತರಗತಿಯಲ್ಲಿ ಒಬ್ಬಳೇ ಕುಳಿತಿದ್ದ ನನಗೂ ಕೇಳಿಸಿತು.