ತಾಡಪತ್ರಿಯ ಕೆಳಗಿಂದ ಬಂದ ಕೂಗು

ಹೋದ ವರ್ಷ ದೀಪಾವಳಿ ಮುಗಿದ ವಾರ. ಬೆಳಗಿನ ಹನ್ನೊಂದು ಇಪ್ಪತ್ತಕ್ಕೆ ಗೋಕಾಕದ ಕರದಂಟಿನ ಅಂಗಡಿಯ ಮುಂದೆ ನಿಂತು ತಮ್ಮ ಸಿದ್ದುವಿಗೆ ಫೋನ್ ಮಾಡಿದೆ. "ಗೌರಿ ಏನ್ ಮಾಡಾಕತ್ತಾಳೋ? ಹಸಿವಿ ಅಂದ್ರ ಡಬ್ಬ್ಯಾಗ ಚಪಾತಿ ಐತಿ, ಕೊಡು" ಅಂದೆ. "ಅಕ್ಕಾ, ಗೌರಿ ನಿಮ್ಮ ಕಾರಿನ್ಯಾಗ ಅದಾಳಲ್ಲ?" ಅಂದ.

ಗೌರಿ ನಮ್ಮ ನಾಲ್ಕು ವರ್ಷದ ಮಗಳು. ಅಂದು ನಾವು ಮಸಗುಪ್ಪಿಯ ಮನೆಯಿಂದ ಮೈಸೂರಿಗೆ ಸಂಸಾರ ಸಾಗಿಸುತ್ತಿದ್ದೆವು. ನನಗೆ ಅಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮೂಡಲಗಿಯ ಕಾಲೇಜಿನಲ್ಲಿ ಆಟ ಕಲಿಸುತ್ತಿದ್ದ ನನ್ನ ಗಂಡ ಬಸು, ಜನರನ್ನು ಬೆಟ್ಟ ಹತ್ತಿಸುವ, ಸೈಕಲ್ಲಿನಲ್ಲಿ ಕೆರೆ ಸುತ್ತಿಸುವ ತಂಡವೊಂದಕ್ಕೆ ಸೇರುವವರಿದ್ದರು. ಕುರಿಗಾರರಾದ ನನ್ನ ಮಾವನಿಗೆ ಅದೊಂದು ದೊಡ್ಡ ತಮಾಷೆ. "ಗುಡ್ಡ ಹತ್ತಿಸಿದ್ರ ಪಗಾರ ಕೊಡ್ತಾರಂತ. ನಾ ಇಷ್ಟು ವರ್ಷ ಕುರಿ ಹತ್ತಿಸೇನಿ, ಒಂದಾದ್ರೂ ಕುರಿ ಕೊಟ್ಟೈತೇನು?" ಎನ್ನುತ್ತಿದ್ದರು.

ಸಾಮಾನು ತುಂಬಿ ಮೇಲೆ ತಾಡಪತ್ರಿ ಹೊದಿಸಿ ಕಟ್ಟಿದ್ದ ಟೆಂಪೊ ಮುಂದೆ ಹೋಗಿತ್ತು. ಅದರ ಚಾಲಕ ದಸ್ತಗೀರ ಕಾಕಾ ನಮಗೆ ಬಹಳ ವರ್ಷದ ಪರಿಚಯ. ಹುಕ್ಕೇರಿಯಲ್ಲಿರುವ ತಮ್ಮ ಮನೆಯಲ್ಲಿ ಊಟ ಮಾಡಿ ಹೆದ್ದಾರಿ ಹಿಡಿಯುವುದು ಅವರ ಯೋಜನೆ. ಜೊತೆಗೆ ಸಿದ್ದು ಕುಳಿತಿದ್ದ. ಗೌರಿ ಟೆಂಪೊದಲ್ಲೇ ಕೂರುತ್ತೇನೆಂದು ಹಟ ಹಿಡಿದಿದ್ದಳು, ಹಾಗಾಗಿ ಮಾಮ ಸಿದ್ದುವಿನ ತೊಡೆಯ ಮೇಲಿದ್ದಾಳೆಂದು ನಾವು ತಿಳಿದಿದ್ದೆವು. ಮನೆಯ ಕುರಿಮರಿಯನ್ನು ಬಿಟ್ಟು ಬರಲಾರೆನೆಂದು ತಬ್ಬಿಕೊಂಡು ಅಳುತ್ತಿದ್ದ ಅವಳನ್ನು ಕಂಡಿದ್ದ ಸಿದ್ದು, ಅವಳು ನಮ್ಮ ಜೊತೆಗೇ ಬರುತ್ತಾಳೆಂದು ತಿಳಿದಿದ್ದ.

ಮನೆಗೆ ಫೋನ್ ಹಚ್ಚಿದೆ. ಮಾವ ಒಳಗೆ ಹೊರಗೆ ಹುಡುಕಿ ಬಂದು, "ಇಲ್ಲಿಲ್ಲವಾ. ಮರೀನೂ ಕಾಣವಲ್ದು" ಅಂದರು. ಅವರ ದನಿ ಸಣ್ಣದಾಗಿತ್ತು. ಯಾಕೆಂದರೆ ನಮ್ಮ ಹಿತ್ತಲಿನ ಆಚೆಗೇ ಕಾಲುವೆ. ಮಾವನ ಬೆರಳು ಹಿಡಿದು ಗೌರಿ ದಿನಾ ಆ ಮರಿಗೆ ನೀರು ಕುಡಿಸಲು ಹೋಗುವುದು ಅಲ್ಲಿಗೇ.

ಸಿದ್ದು ಅಲ್ಲೇ ಇಳಿದು ಯಾರದೋ ಬೈಕ್ ಹತ್ತಿ ಊರಿಗೆ ಹೊರಟ. ಹುಕ್ಕೇರಿಗೆ ಹೋಗಿ ಕಾಯಿರಿ ಎಂದು ಕಾಕಾನಿಗೆ ಹೇಳಿದೆವು. ಬಸು ಕಾರು ತಿರುಗಿಸಿದರು.

ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಓಣಿಯ ಗಂಡಸರು ಆಗಲೇ ಹಗ್ಗ ಹಿಡಿದು ಇಳಿದಿದ್ದರು. ಬಸು ಚಪ್ಪಲಿಯನ್ನೂ ಬಿಡದೆ ಎದೆಮಟ್ಟ ನೀರಿಗೆ ಇಳಿದರು. ದಂಡೆಯ ಕೆಸರಿನಲ್ಲಿ ಪುಟ್ಟ ಪಾದದ ಗುರುತು, ಪಕ್ಕದಲ್ಲಿ ಮರಿಯ ಗೊರಸು. ಅದು ಇವತ್ತಿನದೋ ನಿನ್ನೆಯದೋ ಹೇಳುವವರಿರಲಿಲ್ಲ. ನಾನು ಆ ಗುರುತಿನ ಹತ್ತಿರ ಕೂತುಬಿಟ್ಟೆ. ಯಾರಾದರೂ ಅದನ್ನು ತುಳಿದಾರೆಂದು ಕೈ ಅಡ್ಡ ಹಿಡಿದದ್ದು ನೆನಪಿದೆ.

ಆಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾ ದಸ್ತಗೀರ, ಮಗಳ. ನನ್ನ ಫೋನ್ ಕಸ್ಗೊಂಡಾರ, ಇದು ಮಂದೀದು. ಕೂಸು ಸಿಕ್ಕಾಳ, ಆರಾಮ ಅದಾಳ. ನನ್ನ ಆರಾಮ ಮಾತ್ರ ಕೇಳಬ್ಯಾಡ. ಹುಕ್ಕೇರಿ ದಾರ್ಯಾಗ ಅದೀವಿ, ಲಗೂ ಬರ್ರಿ."

ಫೋನನ್ನು ಎತ್ತಿ ನೀರಿನಲ್ಲಿದ್ದ ಬಸುವಿಗೆ ತೋರಿಸಿದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

ಮಾವನನ್ನೂ ಸಿದ್ದುವನ್ನೂ ಕೂರಿಸಿಕೊಂಡು ಹುಕ್ಕೇರಿ ರಸ್ತೆ ಹಿಡಿದೆವು. ದಾರಿಯ ಬದಿಯ ಬೇವಿನ ಮರದಡಿ ಟೆಂಪೊ ನಿಂತಿತ್ತು. ಸುತ್ತಲೂ ಕುರಿಗಳು. ದಡ್ಡಿ ಎಂಬ ಊರಿನ ಕಡೆಯಿಂದ ಮೇವು ಅರಸಿ ಹೊರಟಿದ್ದ ಕುರಿಗಾರರ ಹಿಂಡು. ನಡುವೆ ಕಂಬಳಿಯ ಮೇಲೆ ಕೂತು ಗೌರಿ ರೊಟ್ಟಿ ತಿನ್ನುತ್ತಿದ್ದಳು. ಮರಿ ಅವಳ ಲಂಗ ತಿನ್ನುತ್ತಿತ್ತು. ಅವಳನ್ನು ಎತ್ತಿ ಅವುಚಿಕೊಂಡರೆ, "ಅವ್ವಾ, ರೊಟ್ಟಿ ಬೀಳ್ತೈತಿ" ಅಂದಳು.

ಹಿಂಡಿನ ಹಿರಿಯಳು ಲಕ್ಕವ್ವ ನಡೆದದ್ದನ್ನು ಹೇಳಿದಳು. "ಕುರಿ ದಾಟಲಿ ಅಂತ ಇಂವ ಗಾಡಿ ನಿಂದರಿಸಿ ಬಂದ್ ಮಾಡಿದ. ಒಳಗಿಂದ ಮರಿ ಒದರಿತು. ಈ ದಾರ್ಯಾಗ ಹಿಂದಕ್ಕೂ ನಮ್ಮ ಕುರಿ ಹೋಗ್ಯಾವ ತಂಗಿ. ಹಗಲಾಗ ಕದ್ದು ಒಯ್ಯೋ ಸೊಕ್ಕು ನೋಡು ಅಂತ ಇವನ್ನ ಕೆಳಗ ಎಳದ್ವಿ. ತಾಡಪತ್ರಿ ಬಿಚ್ಚಿದ್ರ ಮರಿ ಜೋಡಿ ಕೂಸು. ಕೂಸಿನ ಕಳ್ಳಾನೂ ಹೌದು ಅಂದ್ವಿ."

"ಎರಡು ಏಟು ಬಿದ್ದಾವ," ಅಂದರು ದಸ್ತಗೀರ ಕಾಕಾ, ಬೆನ್ನು ಸವರಿಕೊಳ್ಳುತ್ತ. "ಇಲ್ಲ ಇಲ್ಲ, ಮೂರು."

"ಮುಂದಿನವು ಈ ಕೂಸು ಉಳಿಸೇತಿ, ಅದನ್ನೂ ಹೇಳು," ಅಂದಳು ಲಕ್ಕವ್ವ.

ಗೌರಿ ನಡುವೆ ಬಂದು, ಇವನು ನಮ್ಮ ದಸ್ತಗೀರ ಮುತ್ಯಾ, ಹೊಡಿಬ್ಯಾಡ್ರಿ ಅಂದಳಂತೆ. ಅಜ್ಜನ ವಯಸ್ಸಿನವರೆಲ್ಲ ಅವಳಿಗೆ ಮುತ್ಯಾ. ಯಾರ ಮನೆಯವಳು ಎಂದರೆ "ಕುರಿ ಮನಿಯಾಕಿ" ಅಂದಳಂತೆ. ಲಕ್ಕವ್ವನಿಗೆ ನಂಬಿಕೆ ಬರಲಿಲ್ಲ. "ಖರೇನ ಕುರಿ ಮನಿಯಾಕಿ ಇದ್ರ, ನಿಮ್ಮ ಮನಿ ಮುತ್ಯಾ ಕುರಿ ಹೆಂಗ ಕರೀತಾನ, ಕರಿ ನೋಡೂಣು" ಎಂದು ಕೇಳಿದಳು. ಗೌರಿ ನಾಲಿಗೆ ಮಡಚಿ, ಮಾವ ಸಂಜೆ ಕರೆಯುವಂತೆಯೇ "ಟ್ರ್ರ್ರಾ, ಬಾಬಾಬಾ" ಎಂದಳು. ಇಡೀ ಹಿಂಡು ತಲೆ ಎತ್ತಿತಂತೆ. ಆಮೇಲೆಯೇ ಕಾಕಾನಿಗೆ ಕುಡಿಯಲು ನೀರು, ಮಾತಾಡಲು ಅವರದೇ ಒಂದು ಫೋನು.

"ಅಲ್ಲಿಗೆ ಹೆಂಗ ಹೋದಿ ಗೌರಿ?" ಎಂದು ಬಸು ಕೇಳಿದರು. "ಗಾಡಿ ಹಿಂದಿನ ಬಾಗಲಾ ತಗದಿತ್ತು. ಮುತ್ಯಾ ಹೇಳಿದ್ದ, ಠಾವು ಬದಲಿಸುವಾಗ ಮರೀನೂ ಕೂಸೂ ಒಂದ ಬುಟ್ಟ್ಯಾಗ ಕುಂಡ್ರಬೇಕು ಅಂತ."

ಎಲ್ಲರೂ ಮಾವನ ಕಡೆ ನೋಡಿದೆವು. ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನಡೆಯಲಾರದ ಮರಿಗಳನ್ನೂ ಮಕ್ಕಳನ್ನೂ ಒಟ್ಟಿಗೆ ಕುದುರೆಯ ಮೇಲಿನ ಸಾಮಾನಿನಲ್ಲಿ ಕೂರಿಸಿ ಸಾಗುವುದು ಕುರಿಗಾರರ ಪದ್ಧತಿ. ಅವರೂ ಹಾಗೇ ಬೆಳೆದವರು. ಮೊಮ್ಮಗಳಿಗೆ ದಿನಾ ಅದೇ ಕಥೆ. ಲಕ್ಕವ್ವನ ಕುದುರೆಯ ಮೇಲಿನ ಬುಟ್ಟಿಯಿಂದ ಮೂರು ಮರಿಗಳು ಇಣುಕುತ್ತಿದ್ದವು. "ಕೂಸಿಂದ ಏನ ತಪ್ಪಿಲ್ಲ ಬಿಡು," ಎಂದು ಅವಳು ನಕ್ಕಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು, ಎಲ್ಲರೂ ನಗುವಾಗ ಅತ್ತುಬಿಟ್ಟೆ.

ಆದರೆ ಟೆಂಪೊ ಒಳಗೆ ಹತ್ತಿ ನೋಡಿದ ಬಸು ನಗಲಿಲ್ಲ. ನನ್ನನ್ನು ಕರೆದು ತೋರಿಸಿದರು. ಹಿಂಡು ಕಂಡು ಬ್ರೇಕ್ ಹಾಕಿದಾಗ ಕಬ್ಬಿಣದ ತಿಜೋರಿಯ ಹಗ್ಗ ಸಡಿಲಾಗಿ ಅದು ಜಾರಿತ್ತು. ಗೌರಿ ಕೂತಿದ್ದ ಬುಟ್ಟಿಯ ಒಂದು ಬದಿ ಅಪ್ಪಚ್ಚಿಯಾಗಿತ್ತು. ಜೋಳದ ಚೀಲವೊಂದು ಅಡ್ಡ ಬಂದು ತಿಜೋರಿಯನ್ನು ತಡೆದಿತ್ತು. ಮೈಸೂರಿನಲ್ಲೇನು ಜೋಳ ಸಿಗುವುದಿಲ್ಲವೇ ಎಂದು ನಾನು ಬೇಡವೆಂದರೂ ಮಾವ ಹಟ ಮಾಡಿ ಹಾಕಿಸಿದ್ದ ಚೀಲ ಅದು.

ಮರಿಯನ್ನು ಮಾವ ಹೆಗಲ ಮೇಲೆ ಹೊತ್ತು ಊರಿಗೆ ಮರಳಿದರು. ದಿನಾ ಫೋನಿನಲ್ಲಿ ತೋರಿಸುತ್ತೇನೆಂದು ಗೌರಿಗೆ ಮಾತು ಕೊಟ್ಟರು, ಕೊಟ್ಟಂತೆ ನಡೆದುಕೊಂಡಿದ್ದಾರೆ.

ಮೈಸೂರು ನಮಗೆ ಒಗ್ಗಿತು. ಕೆಲಸ ಇಷ್ಟವಾಯಿತು, ಭಾನುವಾರ ಕೆರೆಯ ದಂಡೆಯಲ್ಲಿ ಹಕ್ಕಿ ನೋಡುವುದು ರೂಢಿಯಾಯಿತು. ಆದರೆ ಮಲಗಿದರೆ ಸಾಕು, ಆ ತಿಜೋರಿ ಜಾರುತ್ತಿತ್ತು. ಎದ್ದು ಗೌರಿಯ ಪಾದ ಮುಟ್ಟಿ ನೋಡುತ್ತಿದ್ದೆ. ಎಷ್ಟೋ ಸಲ ನನಗಿಂತ ಮೊದಲೇ ಬಸುವಿನ ಕೈ ಅಲ್ಲಿರುತ್ತಿತ್ತು. "ನೀರು ಕುಡಿಯಾಕ ಎದ್ದಿದ್ದೆ" ಎನ್ನುತ್ತಿದ್ದರು.

ಯುಗಾದಿಯ ಹಿಂದಿನ ಭಾನುವಾರ ಬಸು ನನ್ನ ಆಫೀಸಿನವರನ್ನೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದರು. ಅರ್ಧ ದಾರಿಗೆ ಎಲ್ಲರೂ ಏದುಸಿರು ಬಿಡುತ್ತ ಕುಸಿದು ಕುಳಿತರು. ಮೇಲೆ ನಿಂತಿದ್ದ ಗೌರಿ "ಟ್ರ್ರ್ರಾ, ಬಾಬಾಬಾ" ಎಂದು ಕರೆದಳು. ಕಥೆ ಗೊತ್ತಿದ್ದ ನಮ್ಮ ಆಫೀಸು ತಂಡದ ಮುಖ್ಯಸ್ಥರು ಮೊದಲು "ಬ್ಯಾ" ಎಂದು ಎದ್ದರು. ಉಳಿದವರೂ ಬ್ಯಾ ಬ್ಯಾ ಎನ್ನುತ್ತ ತುದಿಯವರೆಗೆ ಹತ್ತಿದರು. ನಗುವಿನಿಂದ ನನ್ನ ಪಕ್ಕೆ ನೋಯುತ್ತಿತ್ತು.

ಮರುದಿನ ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲಿತ್ತು. "ರಾತ್ರಿ ಎದ್ದಿದ್ಯೇನು?" ಎಂದು ಬಸು ಕೇಳಿದರು. "ಇಲ್ಲ. ನೀವು?" "ನಾನೂ ಇಲ್ಲ." ನಮ್ಮಿಬ್ಬರ ನಡುವೆ ಗೌರಿ ಇರಲಿಲ್ಲ. ಬಾಲ್ಕನಿಯ ಸರಳುಗಳ ಒಳಗೆ, ಸೊಟ್ಟಗಾದ ಆ ಬುಟ್ಟಿಯಲ್ಲಿ ಕೂತು ಬೀದಿಯ ನಾಯಿಗಳನ್ನು ಕುರಿಗಳಂತೆ ಕರೆಯುತ್ತಿದ್ದಳು. ಆ ಕೂಗು ಕೇಳುತ್ತಲೇ ನಾನು ಮಗ್ಗುಲು ಬದಲಿಸಿ ಇನ್ನೊಂದು ಗಳಿಗೆ ನಿದ್ದೆ ಹೋದೆ.